ಸವೆದ ಅಂಚು

"ಓರೆ ಮಾಡು. ಇನ್ನೂ ಸ್ವಲ್ಪ," ಎಂದ ಆರ್ನೆ.

ನಾಣಿ ತನ್ನ ಕಡೆಯ ತುದಿಯನ್ನು ಮೊಣಕಾಲಿಗೆ ಆನಿಸಿಕೊಂಡು ಮೇಲೆತ್ತಿದ. ಪೆಟ್ಟಿಗೆಯ ಮೂಲೆ ಬಾಗಿಲ ಚೌಕಟ್ಟನ್ನು ಕೆರೆದು, ಅಲ್ಲಿಯ ಬಿಳಿ ಬಣ್ಣವನ್ನು ಉಗುರಿನಷ್ಟು ಕಿತ್ತುಕೊಂಡು ಒಳಗೆ ಬಂತು. ಸತ್ತವರನ್ನು ಸಿಂಗರಿಸಿ ಕಳಿಸುವ ಆ ಕಟ್ಟಡದ ಹಿಂಬಾಗಿಲನ್ನು ಉದ್ದನೆಯ ಪೆಟ್ಟಿಗೆಗಳಿಗೆಂದೇ ಮಾಡಿದ್ದರು. ಇದು ಚೌಕ. ಮೂರಡಿ ಚಿಲ್ಲರೆ ಅಗಲ, ಅಷ್ಟೇ ಉದ್ದ, ಎರಡೂವರೆ ಅಡಿ ಎತ್ತರ. ಕಪ್ಪು ಕೋಟು ತೊಟ್ಟ ಅಲ್ಲಿಯ ಮೇಲ್ವಿಚಾರಕಿ ಬಾಗಿಲು ಹಿಡಿದು ನಿಂತಿದ್ದಳು. "ಇಪ್ಪತ್ತೆರಡು ವರ್ಷದಲ್ಲಿ ಇಂಥದ್ದು ನೋಡಿರಲಿಲ್ಲ," ಎಂದಳು. ಬೇಸರದಿಂದೇನೂ ಅಲ್ಲ.

ಪೆಟ್ಟಿಗೆ ನೆಲಕ್ಕಿಳಿದ ಮೇಲೆ ನಾಣಿ ಸೊಂಟ ಹಿಡಿದುಕೊಂಡು ನೆಟ್ಟಗಾದ. ಎಪ್ಪತ್ತು ವರ್ಷದವನು. ಆರ್ನೆ ಅವನಿಗಿಂತ ನಾಲ್ಕು ವರ್ಷ ದೊಡ್ಡವನು. ಅವನ ಮನೆಯವರು ಅಜ್ಜನ ಕಾಲದಲ್ಲಿ ನಾರ್ವೆಯಿಂದ ಅಮೆರಿಕಕ್ಕೆ ಬಂದವರು, ಅಂದಿನಿಂದಲೂ ದೋಣಿ ಕಟ್ಟುವ ಬಡಗಿಗಳು. ಇಬ್ಬರ ಪರಿಚಯವಾಗಿ ಇನ್ನೂ ಅರ್ಧ ಗಂಟೆ ಆಗಿರಲಿಲ್ಲ.

"ನಾಣಿ ಅಂದ್ರೆ ನೀನೇ ಅಲ್ವಾ?" ಎಂದು ಆರ್ನೆ ಇಂಗ್ಲಿಷಿನಲ್ಲಿ ಕೇಳಿದ. ಹೆಸರನ್ನು ಮಾತ್ರ ಊರಿನವರ ಹಾಗೆ ಹೇಳಿದ. ನಾಣಿಗೆ ಒಂದು ಥರ ಆಯಿತು. ಮೂವತ್ತು ವರ್ಷದ ಆಫೀಸಿನಲ್ಲಿ ಅವನು ಬರೀ 'ನರಾಯನ್'. ಬಿಳಿಯನೊಬ್ಬನ ಬಾಯಿಗೆ ಆ ಣಕಾರ ಬರಬೇಕಾದರೆ ಯಾರೋ ಅದನ್ನು ಎಷ್ಟು ಸಲ ಹೇಳಿರಬೇಕು.

"ಶೇಖರಪ್ಪ ನಿನ್ನ ವಿಷಯ ಹೇಳ್ತಿದ್ದ," ಎಂದ ಆರ್ನೆ.

"ಏನಂತ?"

"ಈಜು ಕಲಿಸಿದ್ದು ನೀನು ಅಂತ."

"ಇಲ್ಲ. ನನಗೆ ಅವನು ಕಲಿಸಿದ್ದು."

ಆರ್ನೆ ಅವನ ಮುಖವನ್ನೊಮ್ಮೆ ನೋಡಿ, ಪೆಟ್ಟಿಗೆಯ ಮೂಲೆಗಳನ್ನು ಅಂಗೈಯಿಂದ ಸವರತೊಡಗಿದ.

ಶೇಖರಪ್ಪ ತೀರಿಕೊಂಡು ಮೂರು ದಿನವಾಗಿತ್ತು. ಅವನ ಮನೆತನದವರು ಸತ್ತವರನ್ನು ಸುಡುವುದಿಲ್ಲ, ಮಲಗಿಸಿ ಹೂಳುವುದೂ ಇಲ್ಲ. ಅಂಗೈಯಲ್ಲಿ ಲಿಂಗವಿಟ್ಟು, ಕೂರಿಸಿ ಮಣ್ಣು ಮಾಡುತ್ತಾರೆ. ಇಲ್ಲಿ ಅದಕ್ಕೆ ಪೆಟ್ಟಿಗೆಯೂ ಸಿಗುವುದಿಲ್ಲ, ಗುಂಡಿ ತೋಡುವವರೂ ಸುಲಭಕ್ಕೆ ಒಪ್ಪುವುದಿಲ್ಲ. "ಇಲ್ಲಿ ನಮ್ಮವರೆಲ್ಲ ಕ್ರಿಮೇಷನ್ನೇ ಮಾಡ್ಸೋದು ಆಂಟಿ, ಅರ್ಧ ದಿನದಲ್ಲಿ ಮುಗಿಯುತ್ತೆ," ಎಂದು ಬೆಲ್ವ್ಯೂ ಕಡೆಯ ಕನ್ನಡ ಸಂಘದವರು ಹೇಳಿ ನೋಡಿದ್ದರು. ಮಗಳು ತುಂಗಾ ಕೂಡ ಅದನ್ನೇ ಹೇಳಿದಳು. ನೀಲಮ್ಮ ವಾದಕ್ಕಿಳಿಯಲಿಲ್ಲ. "ಅವರು ಕೂತೇ ಹೋಗ್ಬೇಕು," ಎಂದಳು. ಸ್ನೊಹೋಮಿಶ್ ಹೊಳೆಯ ಬಯಲಿನಲ್ಲಿ ಹಳೆಯದೊಂದು ಸಣ್ಣ ಸ್ಮಶಾನದವರು ಕೊನೆಗೆ ಹೂಂ ಎಂದರು. ಅಪ್ಪನ ಜೊತೆ ದೋಣಿ ಕಟ್ಟುತ್ತಿದ್ದ ಆರ್ನೆಗೆ ತುಂಗಾ ಫೋನು ಮಾಡಿದಳು, ಆರ್ನೆ ಎರಡು ದಿನ ಕೂತು ಪೆಟ್ಟಿಗೆ ಮಾಡಿದ.

ನಾಣಿಗೆ ಫೋನು ಮಾಡಿದ್ದು ನೀಲಮ್ಮನೇ. "ನಾಣಣ್ಣ, ನಾನು ನೀಲಮ್ಮ. ಅವರು ಹೋಗಿಬಿಟ್ರು. ಗುರುವಾರ ಹತ್ತು ಗಂಟೆಗೆ ನೀವು ಬರ್ಬೇಕು." ಬರುತ್ತೀರಾ ಎಂದು ಕೇಳಲಿಲ್ಲ. ಮುಕಿಲ್ಟಿಯೊದಲ್ಲಿರುವ ನಾಣಿಯ ಮನೆಗೂ ಎವರೆಟ್‌ನಲ್ಲಿರುವ ಶೇಖರಪ್ಪನ ಮನೆಗೂ ಕಾರಿನಲ್ಲಿ ಇಪ್ಪತ್ತು ನಿಮಿಷದ ದಾರಿ. ಇಬ್ಬರೂ ಮಾತಾಡಿ ಮೂವತ್ತೆಂಟು ವರ್ಷವಾಗಿತ್ತು.

ಒಳಗಿನ ಕೋಣೆಯಲ್ಲಿ ಶೇಖರಪ್ಪನಿಗೆ ಸ್ನಾನ ಮಾಡಿಸಿ ಬಿಳಿ ಪಂಚೆ ಉಡಿಸಿದ್ದರು. ಮೂವತ್ತರ ಆಸುಪಾಸಿನ ಒಬ್ಬ ಯುವಕ ಕಿವಿಗೆ ಫೋನು ಹಿಡಿದು ನಿಂತಿದ್ದ. ಚಂದ್ರಶೇಖರ್ ಎಂದು ಹೆಸರು, ಚಿತ್ರದುರ್ಗದ ಕಡೆಯ ಮಠಸ್ಥರ ಮನೆಯವನು. ಆ ಒಂದೇ ಕಾರಣಕ್ಕೆ ಅವನನ್ನು ಬೆಲ್ವ್ಯೂನಿಂದ ಕರೆಸಿದ್ದರು.

"ಅಂಕಲ್, ನಾನು ಈ ಕೆಲಸ ಯಾವತ್ತೂ ಮಾಡಿಲ್ಲ," ಎಂದು ಅವನು ನಾಣಿಯ ಹತ್ತಿರ ಬಂದು ಮೆತ್ತಗೆ ಹೇಳಿದ. "ಆಫೀಸಲ್ಲಿ ನಂದು ಟೆಸ್ಟಿಂಗ್. ಎಲ್ಲಾ ಅಪ್ಪಾಜಿನ ಕೇಳಿ ಕೇಳಿ ಮಾಡ್ತಿದೀನಿ."

"ನನಗೂ ಏನೂ ಗೊತ್ತಿಲ್ಲಪ್ಪ. ನಾನು ಅವರ ಪೈಕಿಯವನೂ ಅಲ್ಲ."

ನೀಲಮ್ಮ ಅದನ್ನು ಕೇಳಿಸಿಕೊಂಡಳು. ಅರವತ್ತು ದಾಟಿದ್ದರೂ ಬೆನ್ನು ಬಾಗಿರಲಿಲ್ಲ. ಅತ್ತು ಮುಗಿಸಿದ ಮುಖ. "ನಾಣಣ್ಣ, ನೀವು ತಲೆ ಹಿಡ್ಕಳ್ರಿ," ಎಂದಳು.

ಆರ್ನೆ ಮತ್ತು ಚಂದ್ರಶೇಖರ್ ಎರಡು ಕಡೆಯಿಂದ ತೋಳು ಕೊಟ್ಟು ಎತ್ತಿದರು. ಕಪ್ಪು ಕೋಟಿನವಳು ಕಾಲು ಮಡಿಸಿಕೊಟ್ಟಳು. ಶೇಖರಪ್ಪ ಪೆಟ್ಟಿಗೆಯೊಳಗೆ ಚಕ್ಕಂಬಕ್ಕಳ ಹಾಕಿ ಕೂತ. ಬೆನ್ನಿಗೆ ಆರ್ನೆ ಒಂದು ಹಲಗೆ ನಿಲ್ಲಿಸಿದ್ದ; ಅದಕ್ಕೆ ಎದೆಯ ಸುತ್ತ ಬಟ್ಟೆ ಕಟ್ಟುವವರೆಗೆ ತಲೆ ವಾಲದಂತೆ ಹಿಡಿಯಬೇಕಿತ್ತು. ನಾಣಿ ಹಿಂದೆ ನಿಂತು ಎರಡೂ ಕೈಯಲ್ಲಿ ಹಿಡಿದುಕೊಂಡ. ಕಿವಿಗಳು ತಣ್ಣಗಿದ್ದವು. ತಲೆ ಅವನು ಎಣಿಸಿದ್ದಕ್ಕಿಂತ ಭಾರವಾಗಿತ್ತು. ಕೂದಲು ಪೂರಾ ಬೆಳ್ಳಗಾಗಿತ್ತು, ಆದರೆ ನೆತ್ತಿಯ ಸುಳಿ ಎಡಕ್ಕೇ ಇತ್ತು. ಮುಂಗೈಗಳ ತುಂಬ ಅಕ್ಕಿಕಾಳಿನಷ್ಟು ಗಾತ್ರದ ಬಿಳಿ ಕಲೆಗಳು, ದೋಣಿ ಕಟ್ಟುವಾಗ ಬಿಸಿ ರೆಸಿನ್ ಅಂಟು ಸಿಡಿದದ್ದು.

"ಅಪ್ಪಾಜಿ, ಗುಂಡೀಲಿ ಮುಖ ಯಾವ ಕಡೆ ಇರಬೇಕು?"

ಫೋನಿನೊಳಗೆ ಯಾರೋ ಕೆಮ್ಮಿದರು. "ಉತ್ತರಕ್ಕೆ ಮಾಡ್ರಿ. ಲಿಂಗ ಎಡಗೈಯಾಗೈತಲ?"

"ಇದೆ."

"ಅವಸರ ಮಾಡಬ್ಯಾಡ. ನಿಧಾನಕ್ಕೆ."

ತುಂಗಾ ಅಪ್ಪನ ಎಡಗೈ ಬೆರಳುಗಳನ್ನು ಲಿಂಗದ ಸುತ್ತ ಮಡಚಿ ಹಿಡಿದುಕೊಂಡಿದ್ದಳು. ಶಾಲೆಯಲ್ಲಿ ಗಣಿತ ಹೇಳಿಕೊಡುವವಳು, ಮೂವತ್ತೇಳು ವರ್ಷ. ಅವಳನ್ನು ನಾಣಿ ನೋಡಿದ್ದು ಇದೇ ಮೊದಲು. ಅವಳು ತಲೆಯೆತ್ತದೆ ಇಂಗ್ಲಿಷಿನಲ್ಲಿ ಹೇಳಿದಳು:

"ನಮ್ಮನೇಲಿ ಒಂದು ಫೋಟೋ ಇದೆ. ಅದರಲ್ಲಿ ಅಪ್ಪನ ಪಕ್ಕ ನೀವಿದ್ದೀರಿ. ಚಿಕ್ಕವಳಿದ್ದಾಗ ಇದ್ಯಾರು ಅಂತ ಕೇಳ್ತಿದ್ದೆ. 'ನಮ್ಮೂರೋನು' ಅಂತಿದ್ರು. ಅಷ್ಟೇ ಹೇಳ್ತಿದ್ದಿದ್ದು."

ಆ ಒಂದು ಮಾತನ್ನು ಮಾತ್ರ ಅವಳು ಕನ್ನಡದಲ್ಲಿ ಹೇಳಿದಳು, ಅಪ್ಪ ಹೇಳುತ್ತಿದ್ದ ಹಾಗೆಯೇ.

* * *

ಹರಿಹರದಿಂದ ಹೊಳೆಗುಂಟ ಎಂಟು ಮೈಲಿ ಕೆಳಗೆ ಅವರ ಊರು. ನಾಣಿಯ ತಂದೆ ಶಾಲಾ ಮೇಷ್ಟ್ರು, ಶೇಖರಪ್ಪನ ತಂದೆಗೆ ಕಾಳಿನ ಅಂಗಡಿ. ಇಬ್ಬರೂ ಒಂದೇ ಬೆಂಚಿನಲ್ಲಿ ಓದಿ, ತುಂಗಭದ್ರೆಯಲ್ಲಿ ಒಂದೇ ಬಂಡೆಯ ಮೇಲಿಂದ ಹಾರಿ ಬೆಳೆದವರು. ಅಲ್ಲಿ ಸೇತುವೆ ಇರಲಿಲ್ಲ. ಶೇಖರಪ್ಪನ ಅಕ್ಕ ಬಸವ್ವನನ್ನು ಆಚೆ ದಡದ ಹಳ್ಳಿಗೆ ಕೊಟ್ಟಿದ್ದರು. ಒಂದು ಬೇಸಿಗೆಯಲ್ಲಿ ಹೆರಿಗೆ ಕಷ್ಟವಾಗಿ ಅವಳನ್ನು ಹರಿಗೋಲಿನಲ್ಲಿ ಈಚೆಗೆ ಕರೆತರುತ್ತಿದ್ದಾಗ ನೀರು ಸಾಲದೆ ಅದು ಹೊಳೆಯ ನಡುವೆ ಮರಳಿಗೆ ಕಚ್ಚಿಕೊಂಡಿತು. ದಡದಲ್ಲಿ ನಿಂತಿದ್ದ ಶೇಖರಪ್ಪ ನೀರಿಗಿಳಿದು ಓಡಿದ, ಹಿಂದೆ ನಾಣಿಯೂ ಓಡಿದ. ಮರಳಲ್ಲಿ ಕಾಲು ಹೂತು ಓಡಲಾಗಲಿಲ್ಲ. ತಲುಪುವ ಹೊತ್ತಿಗೆ ಬಸವ್ವ ಇರಲಿಲ್ಲ. ಆಗ ಇಬ್ಬರಿಗೂ ಹದಿನೇಳು.

ನಾಣಿ ಓದಲು ಸಿಯಾಟಲ್‌ಗೆ ಬಂದ. ಹರಿಹರದ ಲೇತು ಕಾರ್ಖಾನೆಯಲ್ಲಿ ಮರದ ಅಚ್ಚು ಕೆತ್ತುತ್ತಿದ್ದ ಶೇಖರಪ್ಪನಿಗೆ ಕಾಗದ ಬರೆದು ಬರೆದು, ಸಾವಿರದ ಒಂಬೈನೂರ ಅರವತ್ತೈದರಲ್ಲಿ ಅವನನ್ನೂ ಕರೆಸಿಕೊಂಡ. ಉತ್ತರಕ್ಕೆ, ಕೆನಡಾ ಗಡಿಗೆ ಹತ್ತಿರದ ಒಂದು ಬಂದರಿನ ಊರಲ್ಲಿ ದೋಣಿ ಕಟ್ಟುವ ಶೆಡ್ಡಿನಲ್ಲಿ ಅವನಿಗೆ ಕೆಲಸ ಸಿಕ್ಕಿತು. ಅಲ್ಲಿ ಕಟ್ಟುತ್ತಿದ್ದದ್ದು ಉಳ್ಳವರು ರಜೆಯಲ್ಲಿ ತಿರುಗಾಡುವ ಫೈಬರ್‌ಗ್ಲಾಸ್ ದೋಣಿಗಳು. ವಿಯೆಟ್ನಾಮಿನ ಹೊಳೆಗಳಲ್ಲಿ ಗಸ್ತು ತಿರುಗಲು ದೋಣಿ ಬೇಕು, ಬೇಗ ಬೇಕು ಎಂದು ನೌಕಾಪಡೆ ಕೇಳಿದಾಗ ಅಂಥದೇ ಒಡಲಿಟ್ಟುಕೊಂಡು ಮಿಕ್ಕಿದ್ದನ್ನೆಲ್ಲ ಬದಲಾಯಿಸಿದರು. ಅಡಿಯಲ್ಲಿ ತಿರುಗುವ ಪ್ರೊಪೆಲರ್ ಜೊಂಡಿಗೆ, ಮರಳಿಗೆ ಸಿಕ್ಕಿಕೊಳ್ಳುತ್ತದೆಂದು ಅದನ್ನೇ ತೆಗೆದುಹಾಕಿದರು. ಬದಲಿಗೆ ಪಂಪು ಬಂತು. ಅಡಿಯಿಂದ ನೀರು ಹೀರಿ ಹಿಂದಕ್ಕೆ ಚಿಮ್ಮಿ ದೋಣಿಯನ್ನು ಮುಂದೆ ತಳ್ಳುವುದು. ಮುಂಭಾಗದಲ್ಲೂ ಹಿಂಭಾಗದಲ್ಲೂ ಮಶೀನ್‌ಗನ್ ಕೂರಿಸಲು ಜಾಗ ಮಾಡಿದರು.

ಅರವತ್ತೇಳರ ಒಂದು ಭಾನುವಾರ ಶೇಖರಪ್ಪ ನಾಣಿಯನ್ನು ದೋಣಿಯ ಪರೀಕ್ಷೆ ನೋಡಲು ಕರೆದೊಯ್ದ. ಕೊಲ್ಲಿಯ ನೀರು ಇಳಿದು ಕೆಸರು ಕಾಣುತ್ತಿತ್ತು. ಹಸಿರು ದೋಣಿ ದೂರದಿಂದ ಮೂಗೆತ್ತಿಕೊಂಡು ಬಂತು.

"ನೋಡ್ತಿರು, ಈಗ ತಿರುಗ್ತೈತೆ," ಎಂದ ಶೇಖರಪ್ಪ.

ಅಷ್ಟು ವೇಗದಲ್ಲಿದ್ದ ದೋಣಿ ನಿಂತಲ್ಲೇ ಎಂಬಂತೆ ತಿರುಗಿ, ನೀರಿನ ಗೋಡೆ ಎಬ್ಬಿಸಿ, ಬಂದ ದಾರಿಯಲ್ಲೇ ಹೋಯಿತು. ಕೆಸರಿನ ಮೇಲೆ ತೆಳ್ಳಗೆ ನಿಂತ ನೀರಿನಲ್ಲೂ ಅದು ಓಡಿತು.

"ಮೊಣಕಾಲುದ್ದ ನೀರಿದ್ರೆ ಸಾಕು ಕಣೋ ಇದಕ್ಕೆ. ಅದೂ ಬ್ಯಾಡ. ಬ್ಯಾಸಿಗೇಲಿ ನಮ್ಮ ಹೊಳೆ ಎಷ್ಟಿರ್ತೈತೆ ಹೇಳು?"

"ಮೊಣಕಾಲು," ಎಂದ ನಾಣಿ.

"ಅದನ್ನೇ ನಾನು ಹೇಳ್ತಿರೋದು."

ಅವನ ಕಣ್ಣಿನಲ್ಲಿ ನೀರಿತ್ತು. ಗಾಳಿಗೆ ಬಂದದ್ದೆಂದು ನಾಣಿ ಅಂದುಕೊಳ್ಳಲಿಲ್ಲ. ಆ ದಿನ ವಾಪಸು ಬರುವ ದಾರಿಯುದ್ದಕ್ಕೂ ಇಬ್ಬರೂ ಸೇರಿ ಮಾತಿನಲ್ಲೇ ಊರಿಗೊಂದು ದೋಣಿ ಕಟ್ಟಿದರು. ಬಂದೂಕು ಬೇಡ. ಆ ಭಾರ ಇಳಿದರೆ ಇನ್ನೂ ನಾಲ್ಕು ಜನ ಹಿಡಿಸುತ್ತಾರೆ. ನಡುವೆ ಒಂದು ಮಂಚ, ಮೇಲೆ ನೆರಳಿಗೆ ತಗಡು. ಡ್ರೈವರ್ ಯಾರೆಂದು ಕೂಡ ತೀರ್ಮಾನವಾಯಿತು. ಯುದ್ಧ ಮುಗಿದ ಮೇಲೆ ಇಂಥ ದೋಣಿಗಳು ಮೂಲೆಗೆ ಬೀಳುತ್ತವೆ, ಅಚ್ಚು ಹೇಗೂ ಇಲ್ಲೇ ಇರುತ್ತದೆ ಎಂದ ಶೇಖರಪ್ಪ. ಅಷ್ಟು ಮಾತಾಡಿದ್ದನ್ನು ನಾಣಿ ಅವನಲ್ಲಿ ಮುಂಚೆಯೂ ಕಂಡಿರಲಿಲ್ಲ, ಆಮೇಲೆ ಕಾಣುವ ಅವಕಾಶವೂ ಹೆಚ್ಚು ಉಳಿದಿರಲಿಲ್ಲ.

* * *

ಮರುವರ್ಷ ಒಂದು ಸಂಜೆ ನಾಣಿ ಅವರ ಮನೆಗೆ ಊಟಕ್ಕೆ ಹೋಗಿದ್ದ. ನೀಲಮ್ಮ ಊರಿನಿಂದ ಬಂದು ಒಂದು ವರ್ಷವಾಗಿತ್ತು, ಬಸುರಿ. ಬಿಳಿಜೋಳದ ಹಿಟ್ಟು ಸಿಗದೆ ಮೆಕ್ಕೆಜೋಳದ ಹಿಟ್ಟಿನಲ್ಲಿ ತಟ್ಟಿದ ರೊಟ್ಟಿ, ಬದನೆಕಾಯಿ ಪಲ್ಯ. ಆ ವಾರ ನಾಣಿ ಸಿಯಾಟಲ್‌ನಲ್ಲಿ ವಿದ್ಯಾರ್ಥಿಗಳ ಜೊತೆ ಯುದ್ಧ ಬೇಡವೆಂಬ ಫಲಕ ಹಿಡಿದು ಬೀದಿಯಲ್ಲಿ ನಡೆದಿದ್ದ. ಅದನ್ನು ಹೇಳಬೇಕೋ ಬೇಡವೋ ಎಂದು ಯೋಚಿಸುತ್ತಿದ್ದಾಗ ಶೇಖರಪ್ಪನೇ ಕೆಲಸದ ಸುದ್ದಿ ತೆಗೆದ.

"ದೋಣಿ ಅಂಚು ಸವೀತೈತಂತೆ. ಫೈಬರ್ ತಡೀತಿಲ್ಲ. ಅಲ್ಯೂಮಿನಿಯಂ ಪಟ್ಟಿ ಕೂರಿಸ್ಬೇಕು ಅಂತ ಕಾಗದ ಬಂದೈತೆ. ಅದರ ಅಚ್ಚು ನನಗೇ ಕೊಟ್ಟಾರೆ."

"ಯಾಕೆ ಸವೀತಿದೆ?"

"ಬ್ಯಾರೆ ದೋಣಿಗಳನ್ನ ಪಕ್ಕಕ್ಕೆ ಎಳ್ಕಂತಾರಲ, ತಪಾಸಣೆಗೆ. ದಿನಾ ಎಷ್ಟೋ. ಉಜ್ಜಿ ಉಜ್ಜಿ ಸವೀತೈತೆ."

"ಯಾರ ದೋಣಿ?"

"ಅಲ್ಲಿಯೋರವು. ಬತ್ತ, ಮೀನು ಸಾಗಿಸೋವು. ಸಂತೆಗೆ ಹೋಗೋವು." ಶೇಖರಪ್ಪ ರೊಟ್ಟಿ ಮುರಿದ. "ಅಂಚು ಸರಿ ಮಾಡಿದ್ರೆ ಇನ್ನೈದು ವರ್ಷ ಬಾಳಿಕೆ ಬರ್ತೈತೆ."

ನಾಣಿ ಆಗ ಆ ಮಾತು ಹೇಳಿದ. ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂದ ಮೇಲೆ ನಿಲ್ಲಿಸಲಿಲ್ಲ.

"ನಿನ್ನ ದೋಣಿ ಯಾರದೋ ಬಸವ್ವನ್ನ ಹೊಳೆ ಮಧ್ಯೆ ನಿಲ್ಲಿಸ್ತಿದೆ, ಶೇಕ್ರ."

ಒಲೆಯ ಹತ್ತಿರ ನೀಲಮ್ಮನ ಕೈ ರೊಟ್ಟಿ ತಟ್ಟುವುದನ್ನು ನಿಲ್ಲಿಸಿತು. ಶೇಖರಪ್ಪ ಬುಟ್ಟಿಯಿಂದ ಇನ್ನೊಂದು ರೊಟ್ಟಿ ತೆಗೆದು ನಾಣಿಯ ತಟ್ಟೆಗೆ ಹಾಕಿದ.

"ಊಟ ಮುಗಿಸ್ಕಂಡು ಹೋಗು," ಎಂದ. "ಇನ್ನ ಈ ಮನೆಗೆ ಬರಬ್ಯಾಡ."

ನಾಣಿ ಆ ರೊಟ್ಟಿಯನ್ನು ಪೂರ್ತಿ ತಿಂದು ಎದ್ದ. ಬಿಟ್ಟು ಏಳಲು ಅವನಿಂದ ಆಗಲಿಲ್ಲ.

ಮೂರು ವರ್ಷವಾದ ಮೇಲೆ ಅವನಿಗೆ ವಿಮಾನದ ಕೆಲಸ ಸಿಕ್ಕಿತು. ರೆಕ್ಕೆ ಎಷ್ಟು ಭಾರ ತಾಳುತ್ತದೆ ಎಂದು ಲೆಕ್ಕ ಹಾಕುವುದು ಅವನ ಪಾಲಿಗೆ ಬಂತು. ಕೆಲವು ವರ್ಷ ಅವು ಪ್ರಯಾಣಿಕರ ವಿಮಾನಗಳಾಗಿರಲಿಲ್ಲ. ಆ ರೆಕ್ಕೆಗಳ ಕೆಳಗೆ ಏನು ತೂಗುತ್ತದೆಂದು ನಕ್ಷೆಯಲ್ಲೇ ಬರೆದಿರುತ್ತಿತ್ತು. ಹೋಗಿ ಶೇಖರಪ್ಪನಿಗೆ ಇದನ್ನು ಹೇಳಬೇಕೆಂದು ಪ್ರತಿ ವರ್ಷವೂ ಅಂದುಕೊಂಡ.

* * *

ಸ್ಮಶಾನಕ್ಕೆ ಪೆಟ್ಟಿಗೆಯನ್ನು ಆರ್ನೆಯ ಪಿಕಪ್ಪಿನಲ್ಲೇ ಒಯ್ದರು. ಮೇಲೆ ತಾಡಪಾಲು ಹೊದಿಸಿ ಕಟ್ಟಿತ್ತು. ನೀಲಮ್ಮ, ತುಂಗಾ, ಚಂದ್ರಶೇಖರ್ ಹಿಂದಿನ ಕಾರಿನಲ್ಲಿದ್ದರು. ನಾಣಿ ಆರ್ನೆಯ ಪಕ್ಕ ಕೂತ. ಹೋದ ವಾರ ಹೊಳೆ ಉಕ್ಕಿ ಇಳಿದಿತ್ತು. ಬಯಲಿನ ಬೇಲಿಗಳಿಗೆ ಹುಲ್ಲು, ಪ್ಲಾಸ್ಟಿಕ್ಕು ಸಿಕ್ಕಿಕೊಂಡು ಒಣಗಿತ್ತು.

"ಅವನು ಆ ದೋಣಿಗಳನ್ನ ಎಷ್ಟು ವರ್ಷ ಮಾಡಿದ?" ಎಂದು ನಾಣಿ ಕೇಳಿದ.

"ಎರಡೂವರೆ." ಆರ್ನೆ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ನಿನಗೆ ಗೊತ್ತಿಲ್ವಾ? ಅರವತ್ತೆಂಟರ ಕೊನೇಲಿ ಬಿಟ್ಟ."

"ಇಲ್ಲ."

"ಅಂಚು ಹೇಗೆ ಸವೀತಿದೆ ನೋಡೋಣ ಅಂತ ಒಂದು ದೋಣಿನ ವಾಪಸ್ ತರಿಸಿದ್ರು. ನಾವು ಬಳಿದು ಕಳಿಸಿದ್ದು ಬರೀ ಹಸಿರು. ವಾಪಸ್ ಬಂದಾಗ ಅಂಚಿನ ತುಂಬ ನೀಲಿ, ಕೆಂಪು, ಹಳದಿ. ಬೇರೆ ದೋಣಿಗಳ ಬಣ್ಣ. ಉಜ್ಜಿ ಉಜ್ಜಿ ಹತ್ತಿಕೊಂಡಿದ್ದು, ಒಂದರ ಮೇಲೊಂದು. ಕೆರೆದು ತೆಗಿ ಅಂತ ಅವನಿಗೆ ಹೇಳಿದ್ರು. ಊಟಕ್ಕೂ ಬರಲಿಲ್ಲ. ಅಷ್ಟು ಹೊತ್ತಿನ ಕೆಲಸ ಅಲ್ಲ ಅದು. ನಾನು ಹೋಗಿ ನೋಡಿದ್ರೆ ಒಂದೊಂದು ಬಣ್ಣ ಕೆರೆದಾಗಲೂ ನಿಂತು ನೋಡ್ತಿದ್ದ. ಮಾರನೇ ದಿನ ಫೋರ್ಮನ್ ಹತ್ರ ಹೋಗಿ ಮೀನಿನ ದೋಣಿ ಕಟ್ಟೋ ಕಡೆ ಹಾಕಿ ಅಂದ. ಆಮೇಲೆ ರಿಟೈರ್ ಆಗೋವರೆಗೂ ಮೀನಿನ ದೋಣಿಯೇ."

ನಾಣಿ ಕಿಟಕಿಯ ಕಡೆ ತಿರುಗಿದ. "ಆ ಅಂಚಿನ ಪಟ್ಟಿ?"

"ಅದರ ಅಚ್ಚು ಮುಗಿಸಿಕೊಟ್ಟೇ ಹೋದ. ಕೈಗೆ ತಗೊಂಡಿದ್ದನ್ನ ಅರ್ಧಕ್ಕೆ ಬಿಡೋನಲ್ಲ. ಚೆನ್ನಾಗಿ ಮಾಡಿದ್ದ ಕೂಡ." ಆರ್ನೆ ಗೇರು ಬದಲಿಸಿದ. "ಅದೊಂದು ಅವನನ್ನ ಬಿಡಲಿಲ್ಲ ಅನ್ಸುತ್ತೆ. ಚೆನ್ನಾಗಿ ಮಾಡಿದ್ದು."

"ನನಗೆ ಯಾಕೆ ಹೇಳಲಿಲ್ಲ ಅವನು?"

"ನಾನೂ ಕೇಳಿದ್ದೆ. 'ಅವನೇ ಬರ್ಲಿ' ಅಂದ. ಇನ್ನೊಂದು ಸಲ ಕೇಳಿದಾಗ, 'ನಾನೇ ಹೋಗ್ತೀನಿ' ಅಂದ. ನಿಮ್ಮಿಬ್ಬರದೂ ನನಗೆ ಅರ್ಥ ಆಗಲ್ಲ."

* * *

ಶೇಖರಪ್ಪ ಬಂದಿದ್ದ. ಐದು ವರ್ಷದ ಹಿಂದೆ, ನಾಣಿಯ ಹೆಂಡತಿ ವಿಶಾಲಾಕ್ಷಿ ತೀರಿಕೊಂಡ ವಾರದಲ್ಲಿ. ಮಧ್ಯಾಹ್ನ ಬಾಗಿಲು ತೆರೆದರೆ ನೀಲಮ್ಮ ನಿಂತಿದ್ದಳು, ಕೈಯಲ್ಲಿ ಬಟ್ಟೆ ಸುತ್ತಿದ ಡಬ್ಬಿ. ಅಂಗಡಿಯಲ್ಲಿ ಆಗಾಗ ಸಿಕ್ಕುತ್ತಿದ್ದ ಹೆಂಗಸರಿಬ್ಬರೂ ಗಂಡಂದಿರಿಗೆ ಹೇಳದೆ ಸ್ನೇಹ ಉಳಿಸಿಕೊಂಡಿದ್ದರು. ಅವಳು ಒಳಗೆ ಬಂದು ವಿಶಾಲಾಕ್ಷಿಯ ಫೋಟೋದ ಮುಂದೆ ಕೂತು ಅತ್ತಳು.

ನೀಲಮ್ಮನಿಗೆ ಕಾಫಿ ಮಾಡಲು ಅಡುಗೆಮನೆಗೆ ಹೋದ ನಾಣಿ ಕಿಟಕಿಯಿಂದ ನೋಡಿದ. ರಸ್ತೆಯಾಚೆ ಬೂದು ಬಣ್ಣದ ಕಾರು. ಒಳಗೆ ಶೇಖರಪ್ಪ ಎರಡೂ ಕೈಯನ್ನು ಸ್ಟೀರಿಂಗಿನ ಮೇಲಿಟ್ಟು ನೇರ ಮುಂದೆ ನೋಡುತ್ತ ಕೂತಿದ್ದ. ನಾಣಿ ಎರಡನೆಯ ಲೋಟಕ್ಕೂ ಕಾಫಿ ಬಗ್ಗಿಸಿದ. ಬಾಗಿಲಿಗೆ ಹತ್ತು ಹೆಜ್ಜೆ, ಅಲ್ಲಿಂದ ಕಾರಿಗೆ ಇಪ್ಪತ್ತು. ಹೋಗಿ ಏನೂ ಹೇಳಬೇಕಾಗಿರಲಿಲ್ಲ, ಲೋಟ ಕೊಟ್ಟರೆ ಸಾಕಿತ್ತು. ಅವನು ಆ ಲೋಟ ಹಿಡಿದು ಕಿಟಕಿಯ ಬಳಿ ನಿಂತ. ಇಳಿದು ಬರಲಿ ಎಂದು ಕಾದ. ಕಾಫಿ ಆರಿತು. ನೀಲಮ್ಮ ಬಾಗಿಲಲ್ಲಿ ನಿಂತು ಆ ಲೋಟವನ್ನೂ ಅವನ ಮುಖವನ್ನೂ ನೋಡಿ ಹೊರಟುಹೋದಳು.

* * *

ಗುಂಡಿಯನ್ನು ಬೆಳಿಗ್ಗೆಯೇ ಮಶೀನಿನಲ್ಲಿ ತೋಡಿದ್ದರು, ಐದಡಿಗೆ ಐದಡಿ, ಆಳ ಆರಡಿ. ಎಲ್ಲರೂ ಬಂದು ನೋಡುವ ಹೊತ್ತಿಗೆ ಅದರ ತಳದಲ್ಲಿ ಒಂದಡಿ ನೀರು ನಿಂತಿತ್ತು. ಸ್ಮಶಾನದ ಮುದುಕ ಟೋಪಿ ತೆಗೆದು ತುಂಗಾಳ ಹತ್ತಿರ ಏನೋ ಹೇಳಿದ. ಅವಳು ಅಮ್ಮನ ಕಡೆ ತಿರುಗಿ, ಪಂಪ್ ಮಾಡಿದರೂ ಮತ್ತೆ ಒಸರುತ್ತದಂತೆ, ಮುಂದಿನ ವಾರ ಮಾಡಬಹುದೇ ಎಂದು ಕೇಳುತ್ತಿದ್ದಾರೆ ಎಂದಳು.

ಚಂದ್ರಶೇಖರ್ ಆಗಲೇ ಫೋನಿನಲ್ಲಿದ್ದ. "ಅಪ್ಪಾಜಿ, ಗುಂಡೀಲಿ ನೀರು ಬಂದಿದೆ. ಪಕ್ಕದಲ್ಲೇ ಹೊಳೆ ಇದೆ."

ಆ ಕಡೆಯವರು ಮತ್ತೆ ಕೆಮ್ಮಿದರು. "ಮನೆಯೋರು ಏನಂತಾರೆ?"

"ಇಳಿಸ್ರಿ," ಎಂದಳು ನೀಲಮ್ಮ. "ನೀರಿಗೆ ಅವರು ಯಾವತ್ತು ಹೆದರಿದ್ರು."

ಸಂಘದಿಂದ ನಾಲ್ಕೈದು ಮಂದಿ ಬಂದಿದ್ದರು, ಆಫೀಸಿನಿಂದ ನೇರ ಬಂದವರು, ಬೂಟಿಗೆ ಕೆಸರು ಹತ್ತಿಸಿಕೊಂಡು ಹಿಂದೆ ನಿಂತರು. ನೀಲಮ್ಮ ಗಂಡನ ಹಣೆಗೆ ಮತ್ತೊಮ್ಮೆ ವಿಭೂತಿ ಹಚ್ಚಿದಳು. ಮಡಿಲ ಸುತ್ತ ವಿಭೂತಿಗಟ್ಟಿಗಳನ್ನೂ ಹೂವನ್ನೂ ಇಟ್ಟಳು. ಬಿಲ್ವಪತ್ರೆ ಸಿಕ್ಕಿರಲಿಲ್ಲ. ನಾಣಿ ಪಕ್ಕದಲ್ಲಿ ನಿಂತಿದ್ದ.

"ನೀಲಮ್ಮ, ಅವತ್ತು ನಾನು ಆ ಮಾತು ಆಡಬಾರದಿತ್ತು," ಎಂದ.

ನೀಲಮ್ಮ ಕೈಯಲ್ಲಿದ್ದ ವಿಭೂತಿಯನ್ನು ಸೆರಗಿಗೆ ಒರೆಸಿಕೊಂಡಳು. "ಆಡಿದ್ದು ಸುಳ್ಳಲ್ಲ ನಾಣಣ್ಣ. ಅವರೂ ಸುಳ್ಳು ಅನ್ಲಿಲ್ಲ. ಬಸವ್ವನ ಹೆಸರು ತೆಗ್ದಿರಿ, ಅದು ತಡ್ಕಳ್ಳಾಕೆ ಆಗ್ಲಿಲ್ಲ."

"ನಾನು ಮಾಡಿದ ಕೆಲಸವೂ ಅಂಥದೇ. ಅದನ್ನ ಅವನಿಗೆ ಹೇಳಬೇಕಿತ್ತು."

"ಅವರಿಗೆ ಗೊತ್ತಿತ್ತು. ಇಲ್ಲೇ ಇದ್ದು ಗೊತ್ತಾಗ್ದೆ ಇರ್ತೈತಾ? 'ಪಾಪ, ಅವ್ನೂ ಸಿಕ್ಕಾಕ್ಕಂಡ' ಅಂದ್ರು ಒಂದು ದಿನ." ಅವಳು ಪೆಟ್ಟಿಗೆಯಿಂದ ಹಿಂದೆ ಸರಿದು ನಿಂತಳು. "ಮಾತಾಡಕ್ಕೆ ಎಷ್ಟು ಆಸೆ ಇತ್ತು ಅಂತೀರಿ. ಊರಿನ ಮಾತು ಆಡ್ಬೇಕು ಅನ್ನಿಸ್ದಾಗೆಲ್ಲ ಹೊಳೆ ಹತ್ರ ಬಂದು ಕೂತ್ಕತಿದ್ರು. ನಾನು ಆಡ್ತಿದ್ದೆ, ಆದ್ರೆ ನಾನು ಬ್ಯಾರೆ ಊರೋಳು."

ಮುಚ್ಚಳವನ್ನು ಕೆಳಗಿಳಿಸಿದ ಮೇಲೆ ಹಾಕುವುದೆಂದು ಆರ್ನೆ ಹೇಳಿದ. ಕೂತವನ ತಲೆಗೆ ತಾಗದಂತೆ ಅದನ್ನು ಎತ್ತರಿಸಿ ಮಾಡಿದ್ದ. ಅಗಲವಾದ ಎರಡು ಪಟ್ಟಿಗಳನ್ನು ಪೆಟ್ಟಿಗೆಯಡಿ ತೂರಿಸಿದರು. ಸ್ಮಶಾನದ ಇಬ್ಬರು, ಚಂದ್ರಶೇಖರ್ ಮತ್ತು ಸಂಘದ ಒಬ್ಬರು ನಾಲ್ಕು ತುದಿ ಹಿಡಿದರು. ಶೇಖರಪ್ಪನ ಮುಖ ಉತ್ತರಕ್ಕಿತ್ತು. ನಾಣಿ ದಕ್ಷಿಣದ ಬದಿಯಲ್ಲಿ, ಅವನ ಬೆನ್ನ ಹಿಂದೆ ನಿಂತಿದ್ದ. ಕಟ್ಟಿದ ಬಟ್ಟೆಯ ಗಂಟು, ಭುಜ, ಬಿಳಿ ತಲೆ, ಒಂದೊಂದಾಗಿ ಕೆಳಗಿಳಿದವು.

"ಸಾಕು," ಎಂದ ಆರ್ನೆ ಕನ್ನಡದಲ್ಲೇ, ಕೈ ಎತ್ತಿ.

ಪಟ್ಟಿ ಹಿಡಿದವರು ನಿಲ್ಲಿಸಿದರು. ನಾಣಿ ಅವನ ಕಡೆ ನೋಡಿದ.

"ನಮ್ಮ ಶೆಡ್ಡಿನಲ್ಲಿ ಎಲ್ಲರೂ ಅದನ್ನೇ ಹೇಳ್ತಿದ್ವಿ," ಎಂದ ಆರ್ನೆ. "ಕ್ರೇನ್ ನಿಲ್ಲಿಸೋಕೆ. ಅವನು ಬಂದ ಮೇಲೆ."

ಅವನು ಗುಂಡಿಯ ನಾಲ್ಕು ಗೋಡೆಗಳಿಗೂ ಎಷ್ಟೆಷ್ಟು ಜಾಗವಿದೆ ನೋಡಿ ತಲೆಯಾಡಿಸಿದ. ಪಟ್ಟಿಗಳನ್ನು ಸಡಿಲ ಬಿಟ್ಟರು. ಪೆಟ್ಟಿಗೆ ತಳ ಮುಟ್ಟಿದ ಸದ್ದು ಬರಲಿಲ್ಲ. ಚಂದ್ರಶೇಖರ್ ಇನ್ನಷ್ಟು ಬಿಟ್ಟ. ಪಟ್ಟಿ ಜೋತುಬಿದ್ದು ನೀರಿನಲ್ಲಿ ಮುಳುಗಿತು. ಪೆಟ್ಟಿಗೆ ಮುಳುಗಲಿಲ್ಲ.

ಎಲ್ಲರೂ ಬಗ್ಗಿ ನೋಡಿದರು.

"ನೀರು ಬರದ ಹಾಗೆ ಸಂದಿಗೆಲ್ಲ ರೆಸಿನ್ ಬಳಿದೆ," ಎಂದ ಆರ್ನೆ. ಅವನ ಮುಖ ಕೆಂಪಾಗಿತ್ತು. "ಮಣ್ಣಿಗೆ ಹೋಗೋದು ಅಂತ ಗೊತ್ತಿತ್ತು. ಆದ್ರೂ ಕೈ ಕೇಳಲಿಲ್ಲ. ಕ್ಷಮಿಸಿ."

"ಅಮ್ಮಾ," ಎಂದಳು ತುಂಗಾ. ಅವಳ ದನಿಯಲ್ಲಿದ್ದದ್ದು ನಗುವೋ ಅಳುವೋ ನಾಣಿಗೆ ತಿಳಿಯಲಿಲ್ಲ. ಬೆಳಗಿನಿಂದ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದವಳು ಕನ್ನಡದಲ್ಲಿ ಹೇಳಿದಳು, "ಅಪ್ಪ ತೇಲ್ತಿದಾರೆ."

ಪೆಟ್ಟಿಗೆ ಯಾವ ಕಡೆಗೂ ವಾಲದೆ ನಿಂತಿತ್ತು. ಜಗ್ಗಿದ ಪಟ್ಟಿಯೊಂದು ಅದರ ಮೂಲೆಯನ್ನು ಸವರಿ ಬಿಟ್ಟಿತೋ ಏನೋ, ಅದು ಮೆಲ್ಲಗೆ ತಿರುಗತೊಡಗಿತು. ಶೇಖರಪ್ಪನ ಕಿವಿ ಕಂಡಿತು. ಕೆನ್ನೆ ಕಂಡಿತು. ವಿಭೂತಿಯ ಮೂರು ಗೆರೆಗಳು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕಂಡವು. ಅವನು ಪೂರ್ತಿ ತಿರುಗಿ ನಾಣಿಗೆ ಎದುರಾಗಿ ಕೂತ.

"ಆಂಟಿ, ಉತ್ತರಕ್ಕೆ ತಿರುಗಿಸ್ಬೇಕಲ್ವಾ?" ಎಂದು ಚಂದ್ರಶೇಖರ್ ಪಿಸುಗುಟ್ಟಿದ.

"ಒಂದ್ಗಳಿಗೆ ತಡಿಯಪ್ಪ," ಎಂದಳು ನೀಲಮ್ಮ.

ನಾಣಿ ಕೆಸರಿನಲ್ಲಿ ಮೊಣಕಾಲೂರಿದ. "ಶೇಕ್ರ," ಎಂದ. ಮುಂದೆ ಏನು ಹೇಳಬೇಕೆಂದು ಮೂವತ್ತೆಂಟು ವರ್ಷ ಯೋಚಿಸಿಟ್ಟಿದ್ದ. ಪೆಟ್ಟಿಗೆ ಅವನ ಕೆಳಗಿನ ಮಣ್ಣಿನ ಗೋಡೆಗೆ ಬಂದು ತಾಗಿತು, ಒಂದು ಗೇಣು ಹಿಂದೆ ಸರಿಯಿತು, ಮತ್ತೆ ಬಂದು ತಾಗಿತು. ನಾಣಿ ಕೈ ಚಾಚಿದ. ಬೆರಳ ತುದಿಗೂ ಹಲಗೆಗೂ ನಡುವೆ ಇನ್ನೂ ನಾಲ್ಕು ಬೆರಳಿನಷ್ಟು ಜಾಗವಿತ್ತು. ಹಿಂದಿನಿಂದ ಆರ್ನೆ ಬಂದು ಅವನ ಕೋಟಿನ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ನಾಣಿ ಇನ್ನಷ್ಟು ಬಗ್ಗಿದ.